ಹೊಸ ವರ್ಷದ ಸಂಕಲ್ಪ ಫೆಬ್ರವರಿ ದಾಟುವುದು ಹೇಗೆ?

ಡಿಸೆಂಬರ್ ಕೊನೆಯ ವಾರ. ಮಡಿಕೇರಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ. ರಾಜಾಸೀಟ್ ಕಡೆಯ ರಸ್ತೆಯಲ್ಲಿ ಬೇರೆ ಊರಿನ ಕಾರುಗಳದ್ದೇ ಸಾಲು. ಹೋಂಸ್ಟೇಗಳೆಲ್ಲ ಭರ್ತಿ. ನಮ್ಮ ಮಾದಾಪುರದ ಕಡೆ ಗಡಿಬಿಡಿ ಬೇರೆ ಥರದ್ದು. ಅರೇಬಿಕಾ ಕುಯ್ಲು ಮುಗಿಯುತ್ತಾ ಬಂದಿದೆ, ರೋಬಸ್ಟಾ ಹಣ್ಣಾಗುತ್ತಿದೆ. ಕಣದ ತುಂಬ ಕಾಫಿ ಹರಡಿದೆ. ಆಕಾಶದಲ್ಲಿ ಒಂದು ತುಂಡು ಮೋಡ ಕಂಡರೂ ಎದೆ ಢವಢವ. ಇದರ ಮಧ್ಯೆ ಪೇಟೆಗೆ ಹೋದರೆ ಕಾಫಿ ವ್ಯಾಪಾರಿ ನಗುನಗುತ್ತಾ ಹೊಸ ಡೈರಿ ಕೊಡುತ್ತಾರೆ. ಮೊದಲ ಪುಟ ಬೆಳ್ಳಗೆ, ಖಾಲಿ. ಏನಾದರೂ ಬರೆಯೋಣ ಅನ್ನಿಸುತ್ತದೆ.

ನನ್ನ ಹಳೆಯ ಡೈರಿಗಳ ಕಟ್ಟು ಅಟ್ಟದ ಮೇಲಿದೆ. ಎಲ್ಲವೂ ಒಂದೇ ಥರ. ಜನವರಿ 1ರಿಂದ 9, 10ರವರೆಗೆ ದುಂಡಾದ ಅಕ್ಷರ, ಆಮೇಲೆ ಬಿಳಿ ಹಾಳೆ. ನಡುವೆ ಎಲ್ಲೋ ಗ್ಯಾಸ್ ಬುಕ್ ಮಾಡಿದ ತಾರೀಕು, ಯಾರದೋ ಫೋನ್ ನಂಬರು. ಒಂದು ವರ್ಷದ ಡೈರಿಯಲ್ಲಂತೂ ಜನವರಿ 4ಕ್ಕೆ "ಚಳಿ ಜಾಸ್ತಿ, ವಾಕಿಂಗ್ ನಾಳೆಯಿಂದ" ಎಂದಿದೆ. ಆ ನಾಳೆ ಆ ಡೈರಿಯಲ್ಲಿ ಬರಲೇ ಇಲ್ಲ.

ಪಕ್ಕದ ತೋಟದ ಮಾವನ ಡೈರಿಗಳು ಹಾಗಲ್ಲ. ದಿನಾ ಬೆಳಿಗ್ಗೆ 8 ಗಂಟೆಗೆ ಅವರು ಮಳೆ ಅಳೆಯುವ ರೈನ್‌ಗೇಜ್ ಹತ್ತಿರ ಹೋಗುತ್ತಾರೆ. ಬಾಟಲಿಯ ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರರಲ್ಲಿ ಒಂದು ಪಾಲು) ಎಂದು ನೋಡಿ ಬರೆಯುತ್ತಾರೆ. ಮಳೆ ಇಲ್ಲದ ದಿನ "ನಿಲ್". ನಲವತ್ತು ವರ್ಷದಿಂದ ಹೀಗೇ. ಇಂಥವರನ್ನು "ಹೊಸ ವರ್ಷಕ್ಕೆ ಏನು ಸಂಕಲ್ಪ ಮಾವ?" ಎಂದು ಕೇಳಿದರೆ, "ಅದೆಲ್ಲ ನನ್ನಿಂದ ಆಗಲ್ಲ ಮಾರಾಯ. ಒಂದು ವಾರ ನಡೆದರೆ ಹೆಚ್ಚು" ಎನ್ನುತ್ತಾರೆ.

ನಲವತ್ತು ವರ್ಷ ಮಳೆ ಬರೆದವರಿಗೆ ಒಂದು ತಿಂಗಳು ವಾಕಿಂಗ್ ಹೋಗಲು ಆಗುವುದಿಲ್ಲವೇ? ಹಾಗಾದರೆ ಇದು ಮನಸ್ಸು ಗಟ್ಟಿ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಅಲ್ಲ ಅಲ್ವಾ. ಬೇರೇನೋ ಇದೆ. ಅದೇನು ಅಂತ ಬುಡದಿಂದ ನೋಡೋಣ.

ಆಸೆ, ಸಂಕಲ್ಪ, ಅಭ್ಯಾಸ

ಈ ಮೂರನ್ನು ನಾವು ಒಂದೇ ಚೀಲಕ್ಕೆ ಹಾಕಿಬಿಡುತ್ತೇವೆ. "ತೂಕ ಇಳಿಸಬೇಕು" ಅನ್ನುವುದು ಆಸೆ. "ತೂಕ ಇಳಿಸಲು ದಿನಾ ಅರ್ಧ ಗಂಟೆ ನಡೆಯುತ್ತೇನೆ" ಅನ್ನುವುದು ಸಂಕಲ್ಪ, ಅಂದರೆ ಇಂಥದ್ದು ಮಾಡುತ್ತೇನೆ ಎಂದು ನಮಗೆ ನಾವೇ ಕೊಟ್ಟ ಮಾತು. ಯೋಚನೆ ಮಾಡದೆಯೇ ಕಾಲು ಚಪ್ಪಲಿ ಹುಡುಕಿಕೊಂಡು ಹೊರಟರೆ ಅದು ಅಭ್ಯಾಸ. ಆಸೆಯಿಂದ ಸಂಕಲ್ಪಕ್ಕೆ ಒಂದು ಹೆಜ್ಜೆ ಸಾಕು. ಸಂಕಲ್ಪದಿಂದ ಅಭ್ಯಾಸಕ್ಕೆ ಹೋಗುವ ದಾರಿಯೇ ಉದ್ದ. ಹೆಚ್ಚಿನವರು ಜಾರುವುದು ಅಲ್ಲೇ.

ಸಂಕಲ್ಪ ಎಂಬ ಪದವನ್ನು ನಾವು ಮೊದಲು ಕೇಳಿದ್ದು ದೇವಸ್ಥಾನದಲ್ಲಿ. ಪೂಜೆಗೆ ಮುಂಚೆ ಭಟ್ಟರು ಏನು ಹೇಳುತ್ತಾರೆ ಎಂದು ಒಮ್ಮೆ ಕಿವಿಗೊಟ್ಟು ಕೇಳಿ. ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾವ ವಾರ, ಯಾವ ದೇಶ, ಯಾವ ನದಿಯ ದಡ, ಯಾರ ಹೆಸರು, ಯಾವ ಗೋತ್ರ, ಯಾವ ಪೂಜೆ, ಯಾಕಾಗಿ. ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆಯೇ "ಕರಿಷ್ಯೇ", ಮಾಡುತ್ತೇನೆ. ಸುಮ್ನೆ "ಪೂಜೆ ಮಾಡ್ತೀನಿ" ಅಂದರೆ ಅದು ಸಂಕಲ್ಪ ಆಗುವುದಿಲ್ಲ. ನಮ್ಮ ಡೈರಿಯ ಸಂಕಲ್ಪದಲ್ಲಿ ಇರುವುದು ಆ ಕೊನೆಯ ಪದ ಮಾತ್ರ. ಎಲ್ಲಿ, ಯಾವಾಗ ಎಂಬ ಮಿಕ್ಕ ಭಾಗವನ್ನು ನಾವು ಬಿಟ್ಟೇ ಬಿಟ್ಟಿದ್ದೇವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಜನವರಿ 1 ಯಾರ ಹೊಸ ವರ್ಷ?

ವರ್ಷದ ಶುರುವಿಗೆ ಮಾತು ಕೊಡುವ ಪದ್ಧತಿ ತುಂಬಾ ಹಳೆಯದು. ಸುಮಾರು 4000 ವರ್ಷಗಳ ಹಿಂದೆ ಬ್ಯಾಬಿಲೋನಿನ ಜನ, ಅಂದರೆ ಇವತ್ತಿನ ಇರಾಕ್ ಕಡೆಯವರು, ಹೊಸ ವರ್ಷದ ಅಕಿಟು ಹಬ್ಬದಲ್ಲಿ ದೇವರ ಮುಂದೆ ಮಾತು ಕೊಡುತ್ತಿದ್ದರು ಎಂದು ಹೇಳುತ್ತಾರೆ. ಸಾಲ ತೀರಿಸುತ್ತೇವೆ, ಕೇಳಿ ತಂದ ಸಾಮಾನು ವಾಪಸ್ ಕೊಡುತ್ತೇವೆ ಎಂದು. ಒಂದು ವಿಷಯ ಗಮನಿಸಿ. ಅವರ ಹೊಸ ವರ್ಷ ಜನವರಿಯಲ್ಲಿ ಇರಲಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ, ಬೇಸಾಯದ ಲೆಕ್ಕ ನೋಡಿಕೊಂಡು ಬರುತ್ತಿತ್ತು.

ಜನವರಿ 1 ರೋಮನ್ನರದ್ದು. ಕ್ರಿಸ್ತಪೂರ್ವ 46ರಲ್ಲಿ ಜೂಲಿಯಸ್ ಸೀಸರ್ ಪಂಚಾಂಗ ತಿದ್ದಿಸಿದ, ಮುಂದಿನ ಜನವರಿ 1ರಿಂದ ಅದು ಜಾರಿಗೆ ಬಂತು. ಜನವರಿ ಎಂಬ ಹೆಸರು ಜಾನಸ್ ದೇವರಿಂದ ಬಂದದ್ದು. ಬಾಗಿಲಿನ ದೇವರು, ಎರಡು ಮುಖ. ಒಂದು ಹಿಂದಕ್ಕೆ ನೋಡುತ್ತದೆ, ಇನ್ನೊಂದು ಮುಂದಕ್ಕೆ.

ಕೊಡಗಿನಲ್ಲಿ ಹೊಸ ವರ್ಷ ಅಂದರೆ ಎಡಮ್ಯಾರ್ ಒಂದು. ಏಪ್ರಿಲ್ 14ರ ಸುಮಾರಿಗೆ ಬರುತ್ತದೆ. ಅಂದು ನಸುಕಿನಲ್ಲಿ ಎತ್ತು ಕಟ್ಟಿ ಗದ್ದೆಗೆ ಮೊದಲ ಉಳುಮೆ ಹಾಕುವ ಕ್ರಮ. ಅಲ್ಲಿ ಯಾರೂ "ಈ ವರ್ಷ ಚೆನ್ನಾಗಿ ಬೇಸಾಯ ಮಾಡುತ್ತೇನೆ" ಎಂದು ಬರೆದಿಡುವುದಿಲ್ಲ. ಗದ್ದೆಗೆ ಇಳಿದು ನಾಲ್ಕು ಸಾಲು ಉಳುತ್ತಾರೆ, ಅಷ್ಟೇ. ವರ್ಷದ ಮೊದಲ ದಿನದ ಕೆಲಸವೇ ಆ ವರ್ಷದ ಮಾತು.

ನಮ್ಮ ಕಡೆ ಜನವರಿ ಸಂಕಲ್ಪ ಬೇಗ ಮುರಿಯಲು ಒಂದು ಸಾದಾ ಕಾರಣವೂ ಇದೆ. ಕುಯ್ಲಿನ ಕಾಲದಲ್ಲಿ ಬೆಳಿಗ್ಗೆ ಆರಕ್ಕೆ ಎದ್ದವನಿಗೆ ಕೆಲಸದವರ ಲೆಕ್ಕ, ಜೀಪು, ಪಲ್ಪರ್, ಕಣ, ರಾತ್ರಿ ತೂಕ. ವರ್ಷದಲ್ಲೇ ಬಿಡುವಿಲ್ಲದ ತಿಂಗಳಲ್ಲಿ ಹೊಸ ಕೆಲಸ ಹಚ್ಚಿಕೊಂಡರೆ ಅದು ನಿಲ್ಲುವುದು ಕಷ್ಟವೇ. ಹಾಗಂತ ಕುಯ್ಲು ಮುಗಿದ ಮೇಲೆ ಶುರು ಮಾಡಬಾರದು ಎಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ. ಎಡಮ್ಯಾರ್‌ವರೆಗೆ ಕಾದರೂ ನಡೆಯುತ್ತದೆ.

ಹೊಸ ಪುಟ ಕಂಡರೆ ಹುರುಪು ಯಾಕೆ?

ಅಮೆರಿಕದ ವಾರ್ಟನ್ ಬಿಸಿನೆಸ್ ಸ್ಕೂಲಿನ ಹೆಂಗ್‌ಚೆನ್ ಡೈ, ಕೇಟಿ ಮಿಲ್ಕ್‌ಮನ್ ಮತ್ತು ಜೇಸನ್ ರಿಸ್ 2014ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಗೂಗಲ್‌ನಲ್ಲಿ "ಡಯಟ್" ಎಂದು ಹುಡುಕುವವರು ಯಾವಾಗ ಹೆಚ್ಚುತ್ತಾರೆ, ಜಿಮ್‌ಗೆ ಯಾವಾಗ ಜಾಸ್ತಿ ಜನ ಬರುತ್ತಾರೆ ಎಂದು ನೋಡಿದರು. ವಾರದ ಶುರು, ತಿಂಗಳ ಶುರು, ವರ್ಷದ ಶುರು, ಹುಟ್ಟಿದ ದಿನ ಕಳೆದ ಮೇಲೆ, ಹೀಗೆ ಎಲ್ಲೆಲ್ಲಿ ಒಂದು ಗೆರೆ ಬೀಳುತ್ತದೋ ಅಲ್ಲೆಲ್ಲ ಹುರುಪು ಏರುತ್ತಿತ್ತು. ಇದಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ "ಹೊಸ ಆರಂಭದ ಪರಿಣಾಮ" ಎನ್ನಬಹುದು. ಗೆರೆಯ ಆಚೆ ತಪ್ಪು ಮಾಡಿದ್ದು ಹಳೆಯ ನಾನು, ಈಚೆ ಇರುವುದು ಹೊಸ ನಾನು ಎಂದು ಮನಸ್ಸು ಲೆಕ್ಕ ಹಾಕಿಕೊಳ್ಳುತ್ತದೆ.

ಅಂದರೆ ಜನವರಿಯ ಹುರುಪು ಸುಳ್ಳಲ್ಲ. ಆದರೆ ಅದು ಹೂಮಳೆ ಇದ್ದ ಹಾಗೆ. ಬೇಸಿಗೆಯಲ್ಲಿ ಕಾಫಿ ಗಿಡದ ಮೊಗ್ಗು ಒಣಗಿ ಕೂತಿರುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಒಂದು ಇಂಚು ಮಳೆ ಬಿದ್ದರೆ ಒಂದು ವಾರ, ಹತ್ತು ದಿನದೊಳಗೆ ಇಡೀ ತೋಟ ಬೆಳ್ಳಗೆ. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು. ಆದರೆ ಹೂವು ಅರಳಿದ ಮಾತ್ರಕ್ಕೆ ಫಸಲು ಕೈಗೆ ಬಂತು ಎಂದು ಯಾವ ಬೆಳೆಗಾರನೂ ಹೇಳುವುದಿಲ್ಲ. ಅದಾದ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಹೂಮಳೆಯ ಬೆನ್ನಿಗೆ ನಿಲ್ಲುವ ಎರಡನೇ ಮಳೆ, ಬರಬೇಕು. ಬರದಿದ್ದರೆ ಕಾಯಿ ನಿಲ್ಲುವುದಿಲ್ಲ. ಕೆರೆಯಲ್ಲಿ ನೀರಿದ್ದವರು ಮೋಡ ನೋಡುತ್ತಾ ಕೂರುವುದೂ ಇಲ್ಲ, ಸ್ಪ್ರಿಂಕ್ಲರ್ ಹಾಕುತ್ತಾರೆ.

ಜನವರಿ 1 ಹೂಮಳೆ ಕೊಡುತ್ತದೆ. ಬ್ಯಾಕಿಂಗ್ ಕೊಡುವುದಿಲ್ಲ. ಅದನ್ನು ನಾವೇ ಏರ್ಪಾಡು ಮಾಡಿಕೊಳ್ಳಬೇಕು.

ಎಷ್ಟು ಜನ ಉಳಿಯುತ್ತಾರೆ?

ಅಮೆರಿಕದ ಸ್ಕ್ರಾಂಟನ್ ವಿಶ್ವವಿದ್ಯಾಲಯದ ಜಾನ್ ನಾರ್ಕ್ರಾಸ್ 1980ರ ದಶಕದಲ್ಲಿ ಹೊಸ ವರ್ಷದ ಸಂಕಲ್ಪ ಮಾಡಿದ 200 ಜನರನ್ನು ಎರಡು ವರ್ಷ ಹಿಂಬಾಲಿಸಿದರು. ಒಂದು ವಾರ ದಾಟಿದವರು ಶೇ. 77. ಎರಡು ವರ್ಷದ ಕೊನೆಗೆ ಉಳಿದವರು ಶೇ. 19. ಐವರಲ್ಲಿ ಒಬ್ಬರು ಎನ್ನಿ.

"ಹಾಗಾದರೆ ಸಂಕಲ್ಪ ಮಾಡುವುದೇ ದಂಡ" ಎಂದು ತಳ್ಳಿ ಹಾಕುವ ಮುಂಚೆ ಇನ್ನೊಂದು ಲೆಕ್ಕ ನೋಡಬೇಕು. ಅದೇ ನಾರ್ಕ್ರಾಸ್ ಮತ್ತು ಜೊತೆಗಾರರು 2002ರಲ್ಲಿ ಎರಡು ಗುಂಪುಗಳನ್ನು ಹೋಲಿಸಿದರು. ಎರಡೂ ಗುಂಪಿನವರಿಗೆ ಬದಲಾಗುವ ಆಸೆ ಇತ್ತು. ಒಂದು ಗುಂಪು ಸಂಕಲ್ಪ ಮಾಡಿತ್ತು, ಇನ್ನೊಂದು ಮಾಡಿರಲಿಲ್ಲ. ಆರು ತಿಂಗಳ ನಂತರ ಸಂಕಲ್ಪ ಮಾಡಿದವರಲ್ಲಿ ಶೇ. 46 ಜನ ನಡೆಸಿಕೊಂಡು ಬಂದಿದ್ದರು. ಮಾಡದವರಲ್ಲಿ ಶೇ. 4. ಇವು ಜನ ತಾವೇ ಹೇಳಿಕೊಂಡ ಉತ್ತರಗಳು, ಯಾರೂ ಮನೆಗೆ ಹೋಗಿ ಪರೀಕ್ಷೆ ಮಾಡಿದ್ದಲ್ಲ. ಆದರೂ ವ್ಯತ್ಯಾಸ ಸಣ್ಣದೇನಲ್ಲ.

ಮುರಿಯುವುದು ಎಲ್ಲಿ?

ಕುಶಾಲನಗರದಿಂದ ಮಡಿಕೇರಿಗೆ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಲ್ಲಿ ಕೂತು ನೋಡಿ. ಕಂಡಕ್ಟರ್ ಜೊತೆ ಏನೋ ಮಾತು ನಡೆದಿರುತ್ತದೆ. ತಿರುವು ಬರುತ್ತದೆ, ಕೈ ಗೇರಿಗೆ ಹೋಗುತ್ತದೆ, ಹಾರ್ನ್ ಆಗುತ್ತದೆ, ಬಸ್ಸು ತಿರುಗುತ್ತದೆ. ಮಾತು ನಿಲ್ಲುವುದಿಲ್ಲ. ಲೈಸೆನ್ಸ್ ತಗೊಂಡ ಹೊಸದರಲ್ಲಿ ಇದೇ ಡ್ರೈವರ್ ಇದೇ ತಿರುವಿನಲ್ಲಿ ಬೆವರಿರುತ್ತಾರೆ. ನಡುವೆ ಆದದ್ದು ಇಷ್ಟೇ. ತಿರುವು ಕಂಡ ಕೂಡಲೇ ಏನು ಮಾಡಬೇಕು ಎಂಬುದು ಯೋಚಿಸುವ ಮೆದುಳಿನಿಂದ ರೂಢಿಯ ಮೆದುಳಿಗೆ ಇಳಿದಿದೆ. ಈ ರೂಢಿಯ ಕೆಲಸ ನೋಡಿಕೊಳ್ಳುವುದು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ.

ಇಲ್ಲಿ ತಿರುವು ಅಂದರೆ ಸುಳಿವು, ಅಂದರೆ ಕೆಲಸವನ್ನು ಶುರು ಮಾಡಿಸುವ ಸಂಗತಿ. ಅದು ಒಂದು ಹೊತ್ತು ಇರಬಹುದು, ಜಾಗ ಇರಬಹುದು, ಒಬ್ಬ ಮನುಷ್ಯ ಇರಬಹುದು. ಊಟ ಆಯಿತು ಎಂದರೆ ಅಡಿಕೆ ಡಬ್ಬಿಗೆ ಕೈ ಹೋಗುತ್ತದೆ. ಮೊಬೈಲ್ ಕಿಣಿ ಅಂದರೆ ಕಣ್ಣು ಹೋಗುತ್ತದೆ. ಮನಃಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ದಿನದಲ್ಲಿ ಮಾಡುವ ಕೆಲಸಗಳಲ್ಲಿ ಸುಮಾರು ಶೇ. 43 ಹೀಗೆ ತಲೆ ಬೇರೆ ಎಲ್ಲೋ ಇದ್ದಾಗಲೇ ನಡೆಯುವಂಥವು ಎಂದು ಕಂಡಿತ್ತು.

ಡಿಸೆಂಬರ್ 31ರ ರಾತ್ರಿ ಬರೆದ ಸಂಕಲ್ಪ ಇರುವುದು ಯೋಚಿಸುವ ಮೆದುಳಿನಲ್ಲಿ. ಹಳೆಯ ಚಾಳಿ ಇರುವುದು ರೂಢಿಯ ಮೆದುಳಿನಲ್ಲಿ. ಮೊದಲನೆಯದು ದಣಿಯುತ್ತದೆ, ಮರೆಯುತ್ತದೆ, ಕುಯ್ಲಿನ ದಿನ ರಾತ್ರಿ 9 ಗಂಟೆಗೆ ಕೈ ಚೆಲ್ಲುತ್ತದೆ. ಎರಡನೆಯದಕ್ಕೆ ದಣಿವೇ ಇಲ್ಲ.

ಇನ್ನೊಂದು ತೊಡಕು ನಮ್ಮ ಲೆಕ್ಕಾಚಾರದ್ದು. ರಾತ್ರಿ ಮಲಗುವಾಗ "ನಾಳೆ ಐದೂವರೆಗೆ ಏಳುತ್ತೇನೆ" ಎಂದು ಹೇಳುವುದು ತುಂಬಾ ಸುಲಭ. ಏಳಬೇಕಾದವನು ನಾಳೆಯ ನಾನು. ಹೇಳುವವನು ಇವತ್ತಿನ ನಾನು. ಅವನಿಗೇನು ಕಷ್ಟ? ಬೆಳಿಗ್ಗೆ ಕಿಟಕಿ ಆಚೆ ಮಂಜು, ಒಳಗೆ ಬೆಚ್ಚಗಿನ ಕಂಬಳಿ. ಕಂಬಳಿಯ ಸುಖ ಈಗಲೇ ಸಿಗುತ್ತದೆ, ವಾಕಿಂಗಿನ ಫಲ ಆರು ತಿಂಗಳ ಮೇಲೆ. ಹತ್ತಿರದ ಸಣ್ಣ ಲಾಭಕ್ಕೆ ದೂರದ ದೊಡ್ಡ ಲಾಭಕ್ಕಿಂತ ಹೆಚ್ಚು ಬೆಲೆ ಕಟ್ಟುವ ಈ ಗುಣ ಎಲ್ಲ ಮನುಷ್ಯರಲ್ಲೂ ಇದೆ. ಅರ್ಥಶಾಸ್ತ್ರಜ್ಞರು ಇದನ್ನು ಇಂದಿನ ಕಡೆಗಿನ ವಾಲಿಕೆ ಎಂದು ನೋಡುತ್ತಾರೆ. ಸೋಮಾರಿತನ ಎಂದು ನಾವು ಬೈದುಕೊಳ್ಳುವುದರಲ್ಲಿ ಬಹುಪಾಲು ಇದೇ.

21 ದಿನದ ಕಥೆ

"ಯಾವುದನ್ನೇ ಆಗಲಿ 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ." ವಾಟ್ಸಾಪಿನಲ್ಲಿ ಇದು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಇದರ ಬೇರು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಒಂದು ಪುಸ್ತಕದಲ್ಲಿದೆ. ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಎಂದರೂ ಸುಮಾರು 21 ದಿನ ಬೇಕು ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ "ಕಡಿಮೆ ಎಂದರೂ" ಉದುರಿತು, "ಸುಮಾರು" ಉದುರಿತು, 21 ಮಾತ್ರ ಉಳಿಯಿತು.

ಅಳೆದು ನೋಡಿದ್ದು ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ತಂಡ. 96 ಜನ ಒಂದೊಂದು ಸಣ್ಣ ಕೆಲಸ ಆರಿಸಿಕೊಂಡು 12 ವಾರ ದಿನಾ ಮಾಡಿದರು. ಊಟದ ಜೊತೆ ನೀರು ಕುಡಿಯುವುದು, ರಾತ್ರಿ ಊಟಕ್ಕೆ ಮುಂಚೆ ಸ್ವಲ್ಪ ಓಡುವುದು, ಇಂಥವು. 2010ರಲ್ಲಿ ಅಚ್ಚಾದ ಅವರ ಲೆಕ್ಕದ ಪ್ರಕಾರ ಅಭ್ಯಾಸ ಕೂರಲು ಸರಾಸರಿ 66 ದಿನ. ಆದರೆ ಕೆಲವರಿಗೆ 18 ದಿನ ಸಾಕಾಗಿತ್ತು, ಕೆಲವರಿಗೆ 254 ದಿನದವರೆಗೂ ಬೇಕಾದೀತು ಎಂದು ಲೆಕ್ಕ ಬಂತು. ನೀರು ಕುಡಿಯುವಂಥದ್ದು ಬೇಗ ಕೂರುತ್ತದೆ, ಮೈ ದಂಡಿಸುವಂಥದ್ದು ನಿಧಾನ.

ಜನವರಿ 1ಕ್ಕೆ 66 ದಿನ ಸೇರಿಸಿದರೆ ಮಾರ್ಚ್ ಮೊದಲ ವಾರ. 22ನೇ ದಿನ "ಇನ್ನೂ ಅಭ್ಯಾಸ ಆಗಿಲ್ಲ, ನನ್ನಿಂದ ಆಗಲ್ಲ" ಎಂದು ಬಿಟ್ಟವರು ಮೂರನೇ ಒಂದು ದಾರಿಯಲ್ಲೇ ಗಾಡಿ ನಿಲ್ಲಿಸಿದ ಹಾಗೆ.

ರೈನ್‌ಗೇಜ್ ಹತ್ತಿರ ಏನು ನಡೆಯುತ್ತದೆ

ಈಗ ಮತ್ತೆ ಮಾವನ ಕಣಕ್ಕೆ ಬರೋಣ. ಮಳೆ ಬರೆಯುವ ಕೆಲಸ ನಲವತ್ತು ವರ್ಷ ನಿಂತಿದ್ದು ಹೇಗೆ?

ಮೊದಲನೆಯದು, ಅದಕ್ಕೆ ಹೊತ್ತು ಇದೆ, ಜಾಗ ಇದೆ. ಬೆಳಿಗ್ಗೆ 8, ರೈನ್‌ಗೇಜ್ ಇರುವ ಮೂಲೆ. ಕಾಫಿ ಕುಡಿದು ಲೋಟ ಕೆಳಗಿಟ್ಟರೆ ಮುಂದಿನ ಹೆಜ್ಜೆ ಅಲ್ಲಿಗೇ. ಜರ್ಮನ್ ಮೂಲದ ಮನಃಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಇದನ್ನೇ. "ಇಂಥದ್ದು ಆದಾಗ, ಇಂಥದ್ದು ಮಾಡುತ್ತೇನೆ" ಎಂಬ ಅಚ್ಚಿನಲ್ಲಿ ಸಂಕಲ್ಪ ಮಾಡಿದರೆ ಅದು ನಡೆಯುವ ಸಂಭವ ಹೆಚ್ಚು ಎಂದು ಅವರು ತೋರಿಸಿದರು. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ, ಕ್ರಿಸ್ಮಸ್ ಹಿಂದಿನ ದಿನ ಹೇಗೆ ಕಳೆದಿರಿ ಎಂದು ರಜೆಯಲ್ಲೇ ಬರೆದು ಕಳಿಸಲು ಹೇಳಿದ್ದರು. ಅರ್ಧ ಜನರಿಗೆ ಮಾತ್ರ, ಎಲ್ಲಿ ಕೂತು ಯಾವ ಹೊತ್ತಿಗೆ ಬರೆಯುತ್ತೀರಿ ಎಂದು ಮೊದಲೇ ನಿಗದಿ ಮಾಡಲು ಹೇಳಿದ್ದರು. ಹಾಗೆ ನಿಗದಿ ಮಾಡಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಸಮಯಕ್ಕೆ ಬರೆದರು. ಉಳಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು. ಭಟ್ಟರ ಸಂಕಲ್ಪ ನೆನಪಾಯಿತಲ್ಲ? ಹೊತ್ತು, ಜಾಗ ಹೇಳಿದ ಮೇಲೆ "ಕರಿಷ್ಯೇ".

ಹಾಗಾಗಿ "ವಾಕಿಂಗ್ ಹೋಗುತ್ತೇನೆ" ಎಂದು ಬರೆಯುವ ಬದಲು "ಮಗುವನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿದ ಕೂಡಲೇ, ಮನೆಗೆ ವಾಪಸ್ ಬರದೆ, ಗೇಟಿನಿಂದ ಕೆರೆಯವರೆಗೆ ಹೋಗಿ ಬರುತ್ತೇನೆ" ಎಂದು ಬರೆಯಿರಿ. ಬಸ್ಸು ದಿನಾ ಬರುತ್ತದೆ. ಅದೇ ನಿಮಗೆ ನೆನಪಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮ ಬೇಕು ಎನ್ನುತ್ತದೆ. ವಾರಕ್ಕೆ ಐದು ದಿನ, ಅರ್ಧ ಗಂಟೆ ಬಿರುಸಾಗಿ ನಡೆದರೆ ಲೆಕ್ಕ ಸರಿಹೋಯಿತು. ತೋಟದಲ್ಲಿ ಏರಿಳಿತದ ಮೇಲೆ ಓಡಾಡುವವರಿಗೆ ಅದರಲ್ಲಿ ಅರ್ಧ ಆಗಲೇ ಮುಗಿದಿರುತ್ತದೆ, ಜೀಪಿನಲ್ಲೇ ಓಡಾಡುವವರ ಮಾತು ಬೇರೆ.

ಎರಡನೆಯದು, ಕೆಲಸ ಸಣ್ಣದು. ಎರಡು ನಿಮಿಷ. ಮಾವ "ಕೊಡಗಿನ ಹವಾಮಾನದ ಬಗ್ಗೆ ದಿನಾ ಒಂದು ಪುಟ ಬರೆಯುತ್ತೇನೆ" ಎಂದು ಹೊರಟಿದ್ದರೆ ಅವರ ಡೈರಿಯೂ ನನ್ನ ಡೈರಿಯ ಪಕ್ಕ ಅಟ್ಟದಲ್ಲಿ ಇರುತ್ತಿತ್ತು.

ಮೂರನೆಯದು, ಸಾಮಾನು ಕೈಗೆ ಸಿಗುವಲ್ಲೇ ಇದೆ. ಅಳತೆ ಗಾಜು ಜಗಲಿಯ ಕಿಟಕಿಯಲ್ಲಿ, ಪೆನ್ನು ದಾರ ಕಟ್ಟಿ ಡೈರಿಗೆ ನೇತು ಹಾಕಿದೆ. ಇದು ತಮಾಷೆ ಅಲ್ಲ. ಪೆನ್ನು ಹುಡುಕಬೇಕಾದ ದಿನವೇ ಬರವಣಿಗೆ ತಪ್ಪುವುದು. ಶೂ ಬಾಗಿಲ ಹತ್ತಿರ ಇದ್ದರೆ ನಡಿಗೆ ಆಗುತ್ತದೆ, ಕಪಾಟಿನ ಮೇಲಿದ್ದರೆ ಆಗುವುದಿಲ್ಲ. ಬಿಡಬೇಕಾದ ಚಾಳಿಗೆ ಇದನ್ನೇ ತಿರುಗಿಸಿ. ಮೊಬೈಲ್ ಚಾರ್ಜರನ್ನು ಮಲಗುವ ಕೋಣೆಯಿಂದ ಅಡುಗೆಮನೆಗೆ ಸಾಗಿಸಿದರೆ ರಾತ್ರಿಯ ಅರ್ಧ ರೀಲ್ಸ್ ತಾನಾಗಿ ನಿಲ್ಲುತ್ತದೆ.

ನಾಲ್ಕನೆಯದು, ಯಾರೋ ಕೇಳುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಇಬ್ಬರು ಸಿಕ್ಕಿದರೆ ಮೊದಲ ಮಾತು "ನಿಮ್ಮಲ್ಲಿ ಎಷ್ಟು ಬಂತು?" ಎಂದು. ಅಳೆಯದವನಿಗೆ ಹೇಳಲು ಏನೂ ಇಲ್ಲ. ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ಹಾಕಿ ಹಬ್ಬದಲ್ಲೂ ಇದೇ ಗುಟ್ಟು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡ ಎಂಬ ಊರಿನಲ್ಲಿ ಶುರು ಮಾಡಿದಾಗ 60 ಕುಟುಂಬಗಳ ತಂಡ ಇತ್ತು, ಈಗ 300 ದಾಟಿದೆ. ಬೇಸಿಗೆಯಲ್ಲಿ ಪಂದ್ಯ ಇದೆ, ಕುಟುಂಬದ ಹೆಸರಿಗೆ ಆಡಬೇಕು, ತಂಡದಲ್ಲಿ ಅಣ್ಣ ತಮ್ಮಂದಿರು ಕಾಯುತ್ತಿರುತ್ತಾರೆ ಎಂದಾದರೆ ವರ್ಷವಿಡೀ ಓಡದವರೂ ಮೈದಾನಕ್ಕೆ ಇಳಿಯುತ್ತಾರೆ. "ಫಿಟ್ ಆಗಬೇಕು" ಎಂಬ ಮಾತಿಗೆ ಈ ಎಳೆತ ಇಲ್ಲ.

ಇನ್ನೊಂದು ಸಂಗತಿ ರೈನ್‌ಗೇಜಿನಿಂದ ಕಾಣುವುದಿಲ್ಲ, ಸ್ವೀಡನ್ನಿನಿಂದ ಬಂದದ್ದು. 2020ರಲ್ಲಿ ಅಲ್ಲಿನ ಸಂಶೋಧಕರು ಸಂಕಲ್ಪ ಮಾಡಿದ 1066 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. "ಇಂಥದ್ದು ಮಾಡುತ್ತೇನೆ" ಎಂದವರಲ್ಲಿ ವರ್ಷದ ಕೊನೆಗೆ ಗೆದ್ದೆವು ಎಂದವರು ಶೇ. 58.9. "ಇಂಥದ್ದು ಬಿಡುತ್ತೇನೆ" ಎಂದವರಲ್ಲಿ ಶೇ. 47.1. ಬಿಡುವುದಕ್ಕಿಂತ ಹಿಡಿಯುವುದು ಸುಲಭ. ಪಂದಿಕರಿ (ಹಂದಿಮಾಂಸದ ಅಡುಗೆ) ಬಿಡುತ್ತೇನೆ ಎಂದವರು ಮುಂದಿನ ಮದುವೆ ಮನೆಯವರೆಗೆ ಬಿಟ್ಟಿರುತ್ತಾರೆ. "ಊಟಕ್ಕೆ ಕೂರುವ ಮುಂಚೆ ಒಂದು ಬಟ್ಟಲು ತರಕಾರಿ ತಿನ್ನುತ್ತೇನೆ, ಸಿಹಿ ಬೇಕು ಅನ್ನಿಸಿದಾಗ ಒಂದು ಕಿತ್ತಳೆ ಸುಲಿಯುತ್ತೇನೆ" ಎಂದರೆ ಅದೇ ಜಾಗದಲ್ಲಿ ಬೇರೆ ಕೆಲಸ ಕೂರುತ್ತದೆ. ಸುಳಿವು ಖಾಲಿ ಬಿದ್ದರೆ ಹಳೆಯದು ವಾಪಸ್ ಬಂದು ಕೂರುತ್ತದೆ.

ದುಡ್ಡಿನ ಸಂಕಲ್ಪ

"ತಿಂಗಳಿಗೆ ಇಷ್ಟು ಉಳಿಸಿ" ಎಂಬ ಸಲಹೆ ಸಂಬಳದವರಿಗೆ. ಸಂಬಳ ಬಿದ್ದ ದಿನವೇ ಆರ್‌ಡಿಗೋ (ಬ್ಯಾಂಕಿನ ತಿಂಗಳ ಠೇವಣಿ) ಎಸ್‌ಐಪಿಗೋ (ಮ್ಯೂಚುವಲ್ ಫಂಡಿನ ತಿಂಗಳ ಕಂತು) ತಾನಾಗಿ ಹೋಗುವಂತೆ ಬ್ಯಾಂಕಿಗೆ ಹೇಳಿಟ್ಟರೆ ಮುಗಿಯಿತು, ಮನಸ್ಸು ಗಟ್ಟಿ ಇರಬೇಕಾದದ್ದು ಆ ಒಂದು ದಿನ ಮಾತ್ರ.

ಕಾಫಿ ಬೆಳೆಗಾರರಿಗೆ ದುಡ್ಡು ವರ್ಷಕ್ಕೊಮ್ಮೆ, ಫಸಲು ಮಾರಿದಾಗ. ಆ ಹೊತ್ತಿಗೇ ಸಾಲದ ಕಂತು, ಗೊಬ್ಬರ, ಸ್ಕೂಲ್ ಫೀಸು ಎಲ್ಲ ಬಾಗಿಲಲ್ಲಿ ನಿಂತಿರುತ್ತವೆ. ಇಲ್ಲಿ ತಿಂಗಳ ಲೆಕ್ಕದ ಸಂಕಲ್ಪ ಹೊಂದುವುದಿಲ್ಲ. ಸುಳಿವು ತಾರೀಕು ಆಗಬಾರದು, ವ್ಯಾಪಾರಿಯ ಹಣ ಖಾತೆಗೆ ಬಂದ ದಿನ ಆಗಬೇಕು. "ಹಣ ಬಂದ ದಿನವೇ ಹತ್ತರಲ್ಲಿ ಒಂದು ಪಾಲು ಬೇರೆ ಖಾತೆಗೆ" ಎಂದು ಕುಯ್ಲಿಗೆ ಮುಂಚೆಯೇ ಮನೆಯವರ ಜೊತೆ ಕೂತು ತೀರ್ಮಾನಿಸಿಡುವುದು. ಆ ಪಾಲು ಎಷ್ಟು ಎಂಬುದು ನಿಮ್ಮ ಸಾಲದ ಮೇಲೆ ಹೋಗುತ್ತದೆ.

ಕುಡಿತ, ಬೀಡಿ, ಸಿಗರೇಟು

ಇದು ವಾಕಿಂಗಿನಂತೆ ಅಲ್ಲ, ಇಲ್ಲಿ ಮೈಯೂ ಸೇರಿಕೊಂಡಿರುತ್ತದೆ. ತಂಬಾಕು ಬಿಟ್ಟಾಗ ಮೊದಲ ಎರಡು ಮೂರು ದಿನ ಚಡಪಡಿಕೆ, ಸಿಟ್ಟು, ನಿದ್ದೆಗೇಡು ಹೆಚ್ಚು. ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತಾ ಹೋಗುತ್ತದೆ. ಜನವರಿ 3ಕ್ಕೆ ಸೋತವರು ಸೋತದ್ದು ತೀರಾ ಕಷ್ಟದ ದಿನದಲ್ಲಿ. ತಂಬಾಕು ಬಿಡಲು ಸಹಾಯ ಬೇಕಾದರೆ ದೇಶದ ಉಚಿತ ಸಹಾಯವಾಣಿ ಇದೆ, 1800-11-2356.

ಕುಡಿತದ ವಿಷಯದಲ್ಲಿ ಒಂದು ಎಚ್ಚರ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯುತ್ತಿದ್ದವರು ಹೊಸ ವರ್ಷ ಎಂದು ಒಂದೇ ಏಟಿಗೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ಕೊನೆಯ ಗ್ಲಾಸಾದ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಆಗುತ್ತದೆ. ಹೀಗಾಗಿ ಮೊದಲು ಡಾಕ್ಟರನ್ನು ನೋಡಬೇಕು. ಔಷಧಿ ಕೊಟ್ಟು ಸುರಕ್ಷಿತವಾಗಿ ಬಿಡಿಸುವ ಕ್ರಮ ಇದೆ. ವ್ಯಸನ ಬಿಡಲು 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಎರಡೂ ಉಚಿತ.

ಹಬ್ಬ, ಮದುವೆಯಲ್ಲಿ ಮಾತ್ರ ಕುಡಿಯುವವರು ಕಡಿಮೆ ಮಾಡಬೇಕು ಎಂದಿದ್ದರೆ "ಆದಾಗ" ಸೂತ್ರವೇ ಸಾಕು. "ಗ್ಲಾಸ್ ಕೈಗೆ ಕೊಡಲು ಬಂದಾಗ, ಆಗಲೇ ಕೈಯಲ್ಲಿ ನಿಂಬೆ ಶರಬತ್ತು ಹಿಡಿದಿರುತ್ತೇನೆ." ಖಾಲಿ ಕೈ ಕಂಡರೆ ತಾನೇ ತುಂಬಿಸುವುದು.

ಒಂದು ದಿನ ತಪ್ಪಿದರೆ?

ಹೆಚ್ಚಿನ ಸಂಕಲ್ಪಗಳ ಕೊನೆ ಇಲ್ಲೇ. ಒಂದು ದಿನ ತಪ್ಪುತ್ತದೆ. "ಹೇಗೂ ಮುರಿಯಿತಲ್ಲ, ಇನ್ನೇನು" ಎಂದು ಎರಡನೇ ದಿನ ತಾವೇ ಬಿಡುತ್ತಾರೆ. ಪಥ್ಯದಲ್ಲಿ ಇರುವವರು ಒಂದು ತುಂಡು ಕೇಕ್ ತಿಂದ ಮೇಲೆ ಇಡೀ ಡಬ್ಬಿ ಮುಗಿಸುವುದನ್ನು ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ಎಂಬ ಕೆನಡಾದ ಮನಃಶಾಸ್ತ್ರಜ್ಞರು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಇಲ್ಲೂ ಅದೇ ಲೆಕ್ಕ.

ಆದರೆ ಲಂಡನ್ನಿನ ಆ 96 ಜನರ ಅಧ್ಯಯನದಲ್ಲಿ ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಿರಲಿಲ್ಲ. ನಾರ್ಕ್ರಾಸ್ ಅವರ 200 ಜನರಲ್ಲಿ ಎರಡು ವರ್ಷ ಗೆದ್ದವರನ್ನೇ ತೆಗೆದುಕೊಂಡರೂ, ಶೇ. 53 ಜನ ಒಮ್ಮೆಯಾದರೂ ಜಾರಿದ್ದರು. ಆ ಎರಡು ವರ್ಷದಲ್ಲಿ ಸರಾಸರಿ 14 ಸಲ ಜಾರಿದ್ದರು. ಗೆದ್ದವರ ಲೆಕ್ಕ ಇದು.

ಮಾವನ ಡೈರಿಯಲ್ಲೂ ಖಾಲಿ ಪುಟಗಳಿವೆ. ಇದನ್ನು ಬರೆಯಲು ಕೂತಾಗ ಕೇಳಿ ತಂದು ನೋಡಿದೆ. 2018ರ ಆಗಸ್ಟ್. ತಿಂಗಳ ಶುರುವಿನಿಂದಲೂ ಸಂಖ್ಯೆಗಳು ದೊಡ್ಡದಾಗುತ್ತಾ ಹೋಗುತ್ತವೆ. 15ಕ್ಕೆ ಬರೆದಿದ್ದಾರೆ, 16ಕ್ಕೆ ಅಕ್ಷರ ಅಲುಗಾಡಿದೆ. ಆಮೇಲೆ ಇಲ್ಲ. ಆ ವಾರ ನಮ್ಮ ಸುತ್ತಮುತ್ತಲ ಗುಡ್ಡಗಳು ಜರಿದವು, ಊರಿಗೆ ಊರೇ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿತು. ಹನ್ನೊಂದು ಪುಟ ಬಿಳಿ. ರೈನ್‌ಗೇಜ್ ಇದ್ದ ಕಣದ ಮೂಲೆಯೂ ಕೆಳಗೆ ಹೋಗಿತ್ತು.

ಹನ್ನೆರಡನೇ ಪುಟದಲ್ಲಿ ಬೇರೆ ಶಾಯಿಯಲ್ಲಿ ಒಂದು ಸಾಲು ಇದೆ. "ಹೊಸ ಗೇಜ್, ದನದ ಕೊಟ್ಟಿಗೆ ಪಕ್ಕ. 40 ಸೆಂಟ್."